ಮಳೆಗಾಲದ ಕ್ಯಾಂಪಿಗೆ ತಾಡಪಾಲು: ತೂಗಿ ನೋಡಿ, ಅಂಚು ನೋಡಿ, ಆಮೇಲೆ ಕೊಳ್ಳಿ

ಸಕಲೇಶಪುರದ ಹತ್ತಿರ ಗೆಳೆಯನ ಕಾಫಿ ತೋಟ. ಜುಲೈ ತಿಂಗಳ ರಾತ್ರಿ. ನಾಲ್ಕು ಸಿಲ್ವರ್ ಮರಗಳ ನಡುವೆ ಒಂದು ನೀಲಿ ತಾಡಪಾಲು ಕಟ್ಟಿ ಅದರ ಕೆಳಗೆ ನಾಲ್ಕು ಜನ ಮಲಗಿದ್ದೆವು. ತಾಡಪಾಲು ಹೊಸದು, ಅದೇ ವಾರ ಕೊಂಡದ್ದು. ಹನ್ನೊಂದು ಗಂಟೆಗೆ ಮಳೆ ಜೋರಾಯಿತು. ಹಾಳೆಯ ನಡುವೆ ನೀರು ನಿಂತು ಎಮ್ಮೆಯ ಹೊಟ್ಟೆಯ ಹಾಗೆ ಕೆಳಗೆ ಜೋತುಬಿತ್ತು. ಕೋಲಿನಿಂದ ಎತ್ತಿ ನೀರು ಚೆಲ್ಲಬೇಕು ಅನ್ನುವಷ್ಟರಲ್ಲಿ ಒಂದು ಮೂಲೆಯ ಐಲೆಟ್, ಅಂದರೆ ಹಗ್ಗ ಕಟ್ಟುವ ತೂತಿನ ಲೋಹದ ಬಳೆ, ಕಿತ್ತುಬಂತು. ಅದರ ಭಾರ ಪಕ್ಕದ್ದಕ್ಕೆ ಬಿತ್ತು, ಅದೂ ಹೋಯಿತು. ಐದು ನಿಮಿಷದಲ್ಲಿ ಎಲ್ಲರ ಹೊದಿಕೆಯೂ ಒದ್ದೆ. ಉಳಿದ ರಾತ್ರಿ ಕಳೆದದ್ದು ಕಣದ ಪಕ್ಕದ ಗೋದಾಮಿನಲ್ಲಿ.

ಬೆಳಿಗ್ಗೆ ಆ ತಾಡಪಾಲನ್ನು ಹಾಸಿ ನೋಡಿದೆ. ನಡುಭಾಗದಲ್ಲಿ ಸೂಜಿಮೊನೆಯಷ್ಟು ತೂತೂ ಇರಲಿಲ್ಲ. ಹಾಳಾದದ್ದೆಲ್ಲ ಅಂಚಿನಲ್ಲಿ. ಅಂಗಡಿಯಲ್ಲಿ ನಾನು ಬೆರಳಿನಿಂದ ಉಜ್ಜಿ, ಎಳೆದು, "ಪರವಾಗಿಲ್ಲ, ಗಟ್ಟಿ ಇದೆ" ಅಂದುಕೊಂಡದ್ದು ಮಾತ್ರ ನಡುಭಾಗವನ್ನು ನೋಡಿ. ಸಾಮಾನ್ಯವಾಗಿ ಎಲ್ಲರೂ ಹಾಗೇ ನೋಡುತ್ತೇವೆ, ಅಲ್ವಾ?

ನೀರಿನ ಭಾರವನ್ನು ಒಮ್ಮೆ ಲೆಕ್ಕ ಹಾಕಿದರೆ ಅವತ್ತು ಆದದ್ದು ಅರ್ಥವಾಗುತ್ತದೆ. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು, ಅಂದರೆ 1 ಕೆಜಿ. 12 ಅಡಿ ಅಗಲ, 15 ಅಡಿ ಉದ್ದದ ತಾಡಪಾಲು ಸುಮಾರು 16.7 ಚದರ ಮೀಟರ್. ಅದರ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 167 ಕೆಜಿ. ಮಲೆನಾಡಿನಲ್ಲಿ 10 ಮಿಲಿಮೀಟರ್ ಅಂದರೆ ಒಂದೇ ಹೊಡೆತದ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ಆ ಭಾರದಲ್ಲಿ ಕಾಲು ಭಾಗ ಹಾಳೆಯ ಮೇಲೆ ನಿಂತರೂ ಅದನ್ನು ಹೊರಬೇಕಾದದ್ದು ನಾಲ್ಕೈದು ಐಲೆಟ್‌ಗಳು. ಹಾಗಾಗಿ ತಾಡಪಾಲು ಬಾಳಿಕೆ ಬರುತ್ತದೋ ಇಲ್ಲವೋ ಅನ್ನುವುದನ್ನು ಅಂಚಿನಲ್ಲೇ ನೋಡಬೇಕು.

ಮೊದಲು: ಬೆನ್ನ ಮೇಲೋ, ಗಾಡಿಯಲ್ಲೋ?

ಅಂಗಡಿಗೆ ಹೋಗುವ ಮುಂಚೆ ಈ ಒಂದು ಪ್ರಶ್ನೆಗೆ ಉತ್ತರ ಇರಲಿ. ತಾಡಪಾಲನ್ನು ಬ್ಯಾಗಿನಲ್ಲಿ ಹೊತ್ತು ನಡೆಯುತ್ತೀರೋ, ಕಾರು ಅಥವಾ ಜೀಪಿನಲ್ಲಿ ಒಯ್ಯುತ್ತೀರೋ? ಹೊತ್ತು ನಡೆಯುವವರಿಗೆ ಒಂದು ಕೆಜಿ ಕೂಡ ದೊಡ್ಡದು. ಗಾಡಿಯಲ್ಲಿ ಹೋಗುವವರು ನಾಲ್ಕೈದು ಕೆಜಿಯ ಗಟ್ಟಿ ಹಾಳೆಯನ್ನೇ ತೆಗೆದುಕೊಳ್ಳಬಹುದು. ಎರಡಕ್ಕೂ ಆಗುವಂಥದ್ದು ಒಂದೇ ಸಿಗಲಿ ಅಂತ ಹುಡುಕಬೇಡಿ. ಅಂಥದ್ದು ಹೊರಲೂ ಭಾರ, ಮಳೆಗೂ ಸಾಲದು.

ಇನ್ನೊಂದು ಮಾತು. ಕಾಡಿನೊಳಗೆ ರಾತ್ರಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಖಾಸಗಿ ತೋಟವಾದರೆ ಮಾಲೀಕರನ್ನು ಕೇಳಿ. ಸಕಲೇಶಪುರ, ಆಲೂರು ಕಡೆಯಾದರೆ ಆನೆ ಓಡಾಡುತ್ತಿದೆಯಾ ಅಂತ ತೋಟದ ಕೆಲಸದವರನ್ನೇ ವಿಚಾರಿಸಿ. ಅವರು ಬೇಡ ಅಂದರೆ ಅವತ್ತು ಕ್ಯಾಂಪ್ ಬೇಡ.

ಯಾವ ಬಗೆಯ ಹಾಳೆ?

ಅಂಗಡಿಯಲ್ಲಿ ಎಲ್ಲದಕ್ಕೂ ಟಾರ್ಪಾಲ್ ಅಂತಾರೆ. ಉತ್ತರ ಕರ್ನಾಟಕದ ಕಡೆ ತಾಡಪತ್ರಿ. ಹೆಸರು ಒಂದೇ ಆದರೂ ಒಳಗಿನ ವಸ್ತು ಬೇರೆ ಬೇರೆ.

ಎಲ್ಲ ಕಡೆ ಸಿಗುವುದು ನೇಯ್ದ ಪ್ಲಾಸ್ಟಿಕ್ ತಾಡಪಾಲು. ಎಚ್‌ಡಿಪಿಇ ಪ್ಲಾಸ್ಟಿಕ್ ಪಟ್ಟಿಗಳನ್ನು ಗೋಣಿಚೀಲದ ಹಾಗೆ ನೇಯ್ದು, ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ. ಬಲ ಕೊಡುವುದು ನೇಯ್ಗೆ, ನೀರು ತಡೆಯುವುದು ಮೇಲಿನ ಪದರ. ಪದರ ಸವೆದರೆ ನೇಯ್ಗೆ ಗಟ್ಟಿಯಾಗಿದ್ದರೂ ನೀರು ಜಿನುಗುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಚಿದರೆ ಮೊದಲು ಬಿರುಕು ಬಿಡುವುದೂ ಅಲ್ಲೇ.

ಎರಡನೆಯದು ಸಿಲ್ಪಾಲಿನ್ ಬಗೆ. ಸಿಲ್ಪಾಲಿನ್ ಒಂದು ಕಂಪನಿಯ ಬ್ರ್ಯಾಂಡ್. ನಮ್ಮ ಅಡಿಕೆ ಬೆಳೆಗಾರರ ಬಾಯಲ್ಲಿ ಆ ಬಗೆಯ ಹಾಳೆಗೆಲ್ಲ ಅದೇ ಹೆಸರು ನಿಂತಿದೆ. ಇದರಲ್ಲಿ ನೇಯ್ಗೆ ಇಲ್ಲ. ಒಂದು ದಿಕ್ಕಿಗೆ ಎಳೆದ ಪ್ಲಾಸ್ಟಿಕ್ ಪದರದ ಮೇಲೆ ಇನ್ನೊಂದು ದಿಕ್ಕಿಗೆ ಎಳೆದ ಪದರವನ್ನು ಅಡ್ಡಲಾಗಿ ಕೂಡಿಸಿರುತ್ತಾರೆ. ನೇಯ್ಗೆಯ ಸಂದುಗಳೇ ಇಲ್ಲದ ಕಾರಣ ಜಿನುಗುವ ಭಯ ಕಡಿಮೆ. ತೂಕವೂ ಕಡಿಮೆ. ಗಾಡಿಯಲ್ಲಿ ಹೋಗಿ ಸ್ವಲ್ಪ ದೂರ ಹೊತ್ತು ನಡೆಯುವವರಿಗೆ ನನ್ನ ಮೊದಲ ಆಯ್ಕೆ ಇದೇ. ಗಾಳಿಗೆ ಸದ್ದು ಜಾಸ್ತಿ ಮಾಡುತ್ತದೆ, ಅದೊಂದು ಕಿರಿಕಿರಿ.

ಮೂರನೆಯದು ಲಾರಿ ತಾಡಪಾಲು. ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಬಳಿದದ್ದು. ಬಿಸಿಲು, ಮಳೆ, ಉಜ್ಜಾಟ ಎಲ್ಲವನ್ನೂ ತಡೆಯುತ್ತದೆ. ಆದರೆ 12x15 ಅಡಿಯದ್ದು 600 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ಆದರೆ 10 ಕೆಜಿ. ತಿಂಗಳುಗಟ್ಟಲೆ ಒಂದೇ ಕಡೆ ಕಟ್ಟಿಡುವ ಅಡುಗೆ ಚಪ್ಪರಕ್ಕೆ ಸರಿ, ಎರಡು ದಿನದ ಕ್ಯಾಂಪಿಗೆ ಬೇಡ.

ಮೇಣ ಹಚ್ಚಿದ ಹತ್ತಿಯ ಕ್ಯಾನ್ವಾಸಿನ ಕೆಳಗೆ ಮಲಗಿದವರಿಗೆ ಗೊತ್ತು, ಅಲ್ಲಿ ಸೆಕೆ ಇರುವುದಿಲ್ಲ, ಬಟ್ಟೆ ಉಸಿರಾಡುತ್ತದೆ. ಆದರೆ ಒದ್ದೆಯಾದರೆ ಹೊರಲಾರದಷ್ಟು ಭಾರ. ಮಲೆನಾಡಿನ ಮಳೆಯಲ್ಲಿ ಒಣಗುವುದೇ ಇಲ್ಲ, ಬೂಷ್ಟು ಹಿಡಿಯುತ್ತದೆ. ಬಯಲುಸೀಮೆಯ ಚಳಿಗಾಲಕ್ಕೆ ಮಾತ್ರ ನಾನು ಇದನ್ನು ಹೇಳುತ್ತೇನೆ.

ಕೊನೆಯದು ಟ್ರೆಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ ತೆಳು ನೈಲಾನ್, ಪಾಲಿಯೆಸ್ಟರ್ ಹಾಳೆ. ಬಟ್ಟೆಯ ಮೇಲೆ ಸಣ್ಣ ಸಣ್ಣ ಚೌಕಗಳು ಕಾಣುತ್ತವೆ. ಅಲ್ಲಿ ದಪ್ಪ ಎಳೆ ಹಾಕಿರುತ್ತಾರೆ, ಹರಿದರೂ ಹರಕು ಆ ಎಳೆಯಲ್ಲಿ ನಿಲ್ಲಲಿ ಅಂತ. 3x3 ಮೀಟರಿನದ್ದು ಒಂದು ಕೆಜಿಯೊಳಗೇ ಬರುತ್ತದೆ. ಬೆನ್ನ ಮೇಲೆ ಹೊರುವವರಿಗೆ ಬೇರೆ ದಾರಿಯಿಲ್ಲ, ದುಬಾರಿಯಾದರೂ ಇದನ್ನೇ ಕೊಳ್ಳಿ. ನೈಲಾನ್ ಒದ್ದೆಯಾದಾಗ ಹಿಗ್ಗಿ ಸಡಿಲವಾಗುತ್ತದೆ. ರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ಪಾಲಿಯೆಸ್ಟರಿನಲ್ಲಿ ಆ ತಾಪತ್ರಯ ಕಡಿಮೆ. ನಮ್ಮ ಮಳೆಗೆ ಪಾಲಿಯೆಸ್ಟರ್ ಮೇಲು. ಲೇಬಲ್ಲಿನಲ್ಲಿ ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಎಷ್ಟು ಎತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆಯುತ್ತದೆ ಅನ್ನುವ ಲೆಕ್ಕ ಅದು. ಮೇಲೆ ಕಟ್ಟಲು 1500 ಸಾಕು, 2000 ಇದ್ದರೆ ನಿಶ್ಚಿಂತೆ. ನೆಲಕ್ಕೆ ಹಾಸಲು 3000 ಆದರೂ ಬೇಕು. ಮೊಣಕಾಲು ಊರಿದಾಗ ಒತ್ತಡ ಜಾಸ್ತಿ ಬೀಳುತ್ತದೆ.

ಅಳತೆ: ನೆನೆಯುವ ಅಂಚನ್ನು ಕಳೆದು ನೋಡಿ

12x15 ಅಡಿ ಅಂದರೆ ತುಂಬ ದೊಡ್ಡದು ಅನ್ನಿಸುತ್ತದೆ. ನಡುವೆ ಹಗ್ಗ ಹಾಕಿ ಎರಡು ಇಳಿಜಾರಿನ ಸೂರಿನ ಹಾಗೆ ಕಟ್ಟಿ ನೋಡಿ. ಒಂದೊಂದು ಬದಿ 6 ಅಡಿ. 45 ಡಿಗ್ರಿ ಇಳಿಜಾರು ಕೊಟ್ಟರೆ ನೆಲದ ಮೇಲೆ ಸಿಗುವ ಅಗಲ ಸುಮಾರು ಎಂಟೂವರೆ ಅಡಿ ಮಾತ್ರ. ಗಾಳಿ ಮಳೆಯಲ್ಲಿ ಎರಚಲು ಒಳಗೆ ಬರುತ್ತದೆ. ಉದ್ದದಲ್ಲಿ ಎರಡೂ ತುದಿಗೆ ಎರಡೆರಡು ಅಡಿ, ಅಗಲದಲ್ಲಿ ಅರ್ಧರ್ಧ ಅಡಿ ಬಿಟ್ಟುಬಿಡಿ. ಉಳಿದದ್ದು 11 ಅಡಿ ಉದ್ದ, ಏಳೂವರೆ ಅಡಿ ಅಗಲ. ಮೂವರು ಬ್ಯಾಗಿನ ಸಮೇತ ಆರಾಮಾಗಿ ಮಲಗಬಹುದು. ನಾವು ನಾಲ್ಕು ಜನ ಮಲಗಬೇಕು ಅಂತ ಹಾಳೆಯನ್ನು ಚಪ್ಪಟೆ ಮಾಡಿ ಕಟ್ಟಿದ್ದೆವು. ನೀರು ನಿಂತದ್ದು ಅದಕ್ಕೇ.

ಇಬ್ಬರಿಗೆ 9x12, ಮೂವರಿಗೆ 12x15, ಐದಾರು ಜನಕ್ಕೆ 15x18. ಅಡುಗೆಗೆ ಬೇರೆಯದೇ ಸಣ್ಣದೊಂದು ಇರಲಿ. ಲೇಬಲ್ಲಿನ ಅಳತೆ ಅಂಚು ಮಡಚುವ ಮುಂಚಿನದ್ದೂ ಇರಬಹುದು, ಕೈಗೆ ಬರುವಾಗ ಕೆಲವು ಇಂಚು ಕಡಿಮೆ. ಟೇಪ್ ಹಿಡಿದು ಅಳೆಯಿರಿ.

ತೂಗಿ ನೋಡುವುದು

ದಪ್ಪ ಹೇಳಲು ಅಂಗಡಿಯವರು ಬಳಸುವ ಮಾತು ಜಿಎಸ್‌ಎಂ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಜಿಎಸ್‌ಎಂ. ಇದರಲ್ಲಿ ಗ್ರಾಹಕನಿಗೆ ಒಂದು ಅನುಕೂಲ ಇದೆ. ಹೇಳಿದ ಮಾತು ನಿಜವಾ ಅಂತ ತಕ್ಕಡಿಯಲ್ಲೇ ಗೊತ್ತಾಗುತ್ತದೆ.

ಲೆಕ್ಕ ಸುಲಭ. ಅಡಿಯ ಉದ್ದ ಅಗಲ ಗುಣಿಸಿ, 10.76ರಿಂದ ಭಾಗಿಸಿದರೆ ಚದರ ಮೀಟರ್ ಬರುತ್ತದೆ. ಅದನ್ನು ಜಿಎಸ್‌ಎಂನಿಂದ ಗುಣಿಸಿದರೆ ಗ್ರಾಂ. 12x15 ಅಡಿಯದ್ದು 120 ಜಿಎಸ್‌ಎಂ ಆದರೆ 2 ಕೆಜಿ, 200 ಆದರೆ 3.3 ಕೆಜಿ, 250 ಆದರೆ 4.2 ಕೆಜಿ. ಅಂಚಿನ ಹಗ್ಗ, ಐಲೆಟ್ ಸೇರಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಬರಬೇಕು, ಕಡಿಮೆ ಬರಬಾರದು. ಮನೆಯಲ್ಲಿ ರೈತರ 8x6 ಮೀಟರಿನ ತಾಡಪಾಲು ಇದ್ದರೆ ಅದನ್ನೂ ತೂಗಿ ನೋಡಿ. 48 ಚದರ ಮೀಟರ್, 250 ಜಿಎಸ್‌ಎಂ ಅಂದರೆ 12 ಕೆಜಿ.

ಅವತ್ತು ಕಿತ್ತುಹೋದ ನಮ್ಮ ತಾಡಪಾಲನ್ನು 200 ಜಿಎಸ್‌ಎಂ ಅಂತಲೇ ಮಾರಿದ್ದರು. ಊರಿಗೆ ಬಂದ ಮೇಲೆ ಒಣಗಿಸಿ ತೂಗಿದೆ. ಎರಡು ಕೆಜಿಯೂ ಬರಲಿಲ್ಲ. ಈಗ ಕೈತಕ್ಕಡಿ ಇಲ್ಲದೆ ಟಾರ್ಪಾಲ್ ಅಂಗಡಿಗೆ ಹೋಗುವುದೇ ಇಲ್ಲ. ಲಗೇಜ್ ತೂಗುವ, ಕೊಕ್ಕೆ ಇರುವ ಚಿಕ್ಕ ತಕ್ಕಡಿ ಸಾಕು. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೈಕ್ರಾನ್ ಮತ್ತು ಜಿಎಸ್‌ಎಂ ಒಂದೇ ಅಲ್ಲ. ಮೈಕ್ರಾನ್ ದಪ್ಪದ ಅಳತೆ. ಈ ಪ್ಲಾಸ್ಟಿಕ್ ನೀರಿಗಿಂತ ಹಗುರ, ಹಾಗಾಗಿ 200 ಮೈಕ್ರಾನ್ ಅಂದರೆ ಹೆಚ್ಚೆಂದರೆ 185-190 ಜಿಎಸ್‌ಎಂ. ದೊಡ್ಡ ಅಂಕಿ ಕಂಡು ಮೋಸ ಹೋಗಬೇಡಿ. ಹಾಗೆಯೇ ಬೇರೆ ಬೇರೆ ವಸ್ತುವಿನ ಜಿಎಸ್‌ಎಂಗಳನ್ನು ಹೋಲಿಸಲೂಬೇಡಿ. ತೆಳು ಪಾಲಿಯೆಸ್ಟರಿನ 60 ಜಿಎಸ್‌ಎಂಗೂ ನೇಯ್ದ ಪ್ಲಾಸ್ಟಿಕ್‌ನ 200ಕ್ಕೂ ಸಂಬಂಧವೇ ಇಲ್ಲ. ನೇಯ್ದ ಬಗೆಯಲ್ಲಿ ಮಳೆಗಾಲಕ್ಕೆ 200ಕ್ಕಿಂತ ಕೆಳಗೆ ಇಳಿಯಬೇಡಿ. ಸಿಲ್ಪಾಲಿನ್ ಬಗೆಯಲ್ಲಿ ಕ್ಯಾಂಪಿಗೆ 120 ಆಸುಪಾಸು ನನಗೆ ಸಾಕಾಗಿದೆ. ನೇಯ್ದ ಪ್ಲಾಸ್ಟಿಕ್ ತಾಡಪಾಲಿಗೆ ಐಎಸ್ 7903 ಅನ್ನುವ ಭಾರತೀಯ ಮಾನಕ ಇದೆ. ಹಾಳೆಯ ಮೇಲೆ ಆ ಸಂಖ್ಯೆಯೂ ಐಎಸ್‌ಐ ಗುರುತೂ ಇದ್ದರೆ ಅದನ್ನೇ ಆರಿಸಿ.

ಅಂಚು, ಮೂಲೆ, ಐಲೆಟ್

ಇಲ್ಲಿ ಅವಸರ ಬೇಡ. ತಾಡಪಾಲನ್ನು ಪೂರ್ತಿ ಬಿಡಿಸಿ ನಾಲ್ಕೂ ಅಂಚನ್ನು ಕೈಯಲ್ಲಿ ಹಿಡಿದು ಸುತ್ತು ಬನ್ನಿ.

ಅಂಚನ್ನು ಮಡಚಿ ಒಳಗೆ ಹಗ್ಗ ಹಾಕಿರಬೇಕು. ಬೆರಳಿಗೆ ಹಗ್ಗ ಸಿಗುತ್ತದೆ. ಈ ಹಗ್ಗ ಒಂದು ಮೂಲೆಯಲ್ಲಿ ನಿಂತುಹೋಗಿದೆಯಾ, ಸುತ್ತಲೂ ಇದೆಯಾ ನೋಡಿ. ಎರಡು ಅಂಚಿಗೆ ಮಾತ್ರ ಹಗ್ಗ ಹಾಕಿದವೂ ಸಿಗುತ್ತವೆ, ಅವು ಬೇಡ. ಐಲೆಟ್ ಹಗ್ಗಕ್ಕೆ ಒತ್ತಿಕೊಂಡು, ಹಗ್ಗದ ಒಳಬದಿಗೆ ಇರಬೇಕು. ಹಾಗಿದ್ದರೆ ಎಳೆತ ಹಗ್ಗಕ್ಕೆ ಹೋಗುತ್ತದೆ. ಹಗ್ಗದಿಂದ ದೂರ, ಬರೀ ಹಾಳೆಯಲ್ಲಿ ತೂತು ಹೊಡೆದು ಕೂರಿಸಿದ್ದರೆ ಎಳೆತವೆಲ್ಲ ಹಾಳೆಗೇ. ನಮ್ಮದು ಹಾಗೇ ಇತ್ತು.

ಮಡಿಕೆಯನ್ನು ಬಿಸಿ ಮಾಡಿ ಅಂಟಿಸಿದ್ದರೆ ಒಳ್ಳೆಯದು. ಬರೀ ಹೊಲಿಗೆ ಆದರೆ ಪ್ರತಿ ಸೂಜಿ ತೂತೂ ನೀರಿಗೆ ದಾರಿ. ಅಂಟಿಸಿದ ಜಾಗಕ್ಕೆ ಉಗುರು ಹಾಕಿ ಮೆಲ್ಲಗೆ ಎಬ್ಬಿಸಿ ನೋಡಿ. ಸಿಪ್ಪೆ ಸುಲಿದ ಹಾಗೆ ಬಂದರೆ ಅಲ್ಲೇ ಬಿಟ್ಟು ಬನ್ನಿ.

ಮೂಲೆಗಳಲ್ಲಿ ಇನ್ನೊಂದು ಪದರ ಸೇರಿಸಿರಬೇಕು. ತ್ರಿಕೋನದ ಪ್ಲಾಸ್ಟಿಕ್ ತುಂಡೋ, ದಪ್ಪ ಬಟ್ಟೆಯೋ ಯಾವುದಾದರೂ ಸರಿ. ಐಲೆಟ್ ಮೂರಡಿಗೊಂದು, ಅಂದರೆ ಸುಮಾರು ಒಂದು ಮೀಟರಿಗೊಂದು ಬೇಕು. ಅಲ್ಯೂಮಿನಿಯಂ ಆದರೂ ನಡೆಯುತ್ತದೆ, ಹಿತ್ತಾಳೆ ಇನ್ನೂ ಒಳ್ಳೆಯದು. ಬರೀ ಕಬ್ಬಿಣದ್ದು ತುಕ್ಕು ಹಿಡಿದು ಪಕ್ಕದ ಹಾಳೆಯನ್ನು ಕೊರೆಯುತ್ತದೆ. ಬೆರಳು ತೂರಿಸಿ ಎಳೆಯಿರಿ. ಐಲೆಟ್ ತಿರುಗಿದರೆ ಅಥವಾ ಸುತ್ತಲ ನೇಯ್ಗೆ ಸರಿದರೆ ಅದು ಮೊದಲ ಗಾಳಿಗೇ ಹೋಗುತ್ತದೆ. ತೆಳು ಟ್ರೆಕಿಂಗ್ ಹಾಳೆಯಲ್ಲಿ ಲೋಹದ ಐಲೆಟ್ ಬದಲು ಪಟ್ಟಿಯ ಕುಣಿಕೆ ಹೊಲಿದಿರುತ್ತಾರೆ. ಅದು ಇನ್ನೂ ಮೇಲು.

ಕೊನೆಗೆ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಚುಕ್ಕೆ ಚುಕ್ಕೆಯಾಗಿ ಬೆಳಕು ತೂರಿಬಂದರೆ ನೀರೂ ಬರುತ್ತದೆ. ಮೊಬೈಲ್ ಟಾರ್ಚ್ ಸಾಕು.

ಬಿಸಿಲು ಮಳೆಗಿಂತ ದೊಡ್ಡ ಶತ್ರು

ಪ್ಲಾಸ್ಟಿಕ್ ಹಾಳೆಯನ್ನು ಬೇಗ ಮುಗಿಸುವುದು ಸೂರ್ಯನ ಅತಿನೇರಳೆ ಕಿರಣ. ಅದು ಪ್ಲಾಸ್ಟಿಕ್‌ನ ಉದ್ದ ಸರಪಳಿಗಳನ್ನು ತುಂಡರಿಸುತ್ತದೆ. ಆಮೇಲೆ ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ, ಬೆರಳಿಗೆ ಪುಡಿ ಅಂಟುತ್ತದೆ. ಇದನ್ನು ತಡೆಯಲು ತಯಾರಿಸುವಾಗಲೇ ಯುವಿ ತಡೆಯುವ ವಸ್ತು ಸೇರಿಸುತ್ತಾರೆ. ಲೇಬಲ್ಲಿನಲ್ಲಿ ಹಾಗೆ ಬರೆದಿದೆಯಾ ನೋಡಿ. ಕಪ್ಪು ಹಾಳೆಯಲ್ಲಿರುವ ಇಂಗಾಲದ ಮಸಿ ಕೂಡ ಈ ಕಿರಣವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಹಗಲು ಕೆಳಗೆ ಸೆಕೆ. ಒಂದು ಬದಿ ಬೆಳ್ಳಿ ಬಣ್ಣ, ಇನ್ನೊಂದು ಬದಿ ಕಪ್ಪು ಇರುವುದು ಬೇಸಿಗೆಗೂ ಮಳೆಗೂ ಹೊಂದುತ್ತದೆ. ಬೆಳ್ಳಿ ಬದಿ ಮೇಲೆ ಬರಲಿ.

ಬೇಕಿಲ್ಲದಾಗ ಬಿಸಿಲಿನಿಂದ ತೆಗೆದಿಡಿ. ಟೆರೇಸಿನ ಮೇಲೆ ಬಿದ್ದಿದ್ದ ತಾಡಪಾಲನ್ನು ಕ್ಯಾಂಪಿಗೆ ಒಯ್ಯಬೇಡಿ.

ಮೊದಲು ಮನೆಯಂಗಳದಲ್ಲಿ ಕಟ್ಟಿ

ಹೊಸ ಹಾಳೆಯನ್ನು ಕಾಡಿನಲ್ಲಿ ಮೊದಲ ಸಲ ಬಿಡಿಸಬೇಡಿ. ಅಂಗಳದಲ್ಲೋ ಟೆರೇಸಿನಲ್ಲೋ ಕಟ್ಟಿ, ಪೈಪಿನಿಂದ ಹತ್ತು ನಿಮಿಷ ನೀರು ಬಿಡಿ. ಕೆಳಗೆ ಕೂತು ನೋಡಿ. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಜಿನುಗುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ವಾಪಸ್ ಕೊಡಲೂ ಸಮಯ ಇರುತ್ತದೆ.

ಕಟ್ಟುವ ಕ್ರಮ ಹೀಗೆ. ಮೊದಲು ತಲೆ ಎತ್ತಿ ನೋಡಿ, ಒಣಗಿದ ಕೊಂಬೆ ಇರುವ ಮರದ ಕೆಳಗೆ ಬೇಡ. ಹಳ್ಳದ ದಂಡೆಯೂ ಬೇಡ. ಎರಡು ಮರಗಳ ನಡುವೆ ಎದೆಯೆತ್ತರಕ್ಕೆ ನಡು ಹಗ್ಗ ಎಳೆಯಿರಿ. ಹಾಳೆಯ ಭಾರ ಹೊರಬೇಕಾದದ್ದು ಈ ಹಗ್ಗ, ಐಲೆಟ್ ಅಲ್ಲ. ಬಿಗಿಯಲು ಲಾರಿಯವರು ಲೋಡ್ ಕಟ್ಟುವಾಗ ಹಾಕುವ ಗಂಟು ಎಲ್ಲಕ್ಕಿಂತ ಒಳ್ಳೆಯದು. ಹಗ್ಗದಲ್ಲೇ ಒಂದು ಕುಣಿಕೆ ಮಾಡಿ, ತುದಿಯನ್ನು ಮರಕ್ಕೆ ಸುತ್ತಿ ತಂದು ಆ ಕುಣಿಕೆಯಲ್ಲಿ ತೂರಿಸಿ ಹಿಂದಕ್ಕೆ ಎಳೆಯುವುದು. ಹಗ್ಗ ತಂತಿಯ ಹಾಗೆ ಬಿಗಿಯುತ್ತದೆ, ಬಿಚ್ಚುವುದೂ ಸುಲಭ. ಯಾವುದಾದರೂ ಲಾರಿ ಸ್ಟ್ಯಾಂಡಿನಲ್ಲಿ ಕೇಳಿದರೆ ಒಂದು ನಿಮಿಷದಲ್ಲಿ ಕಲಿಸುತ್ತಾರೆ.

ಹಗ್ಗದ ಮೇಲೆ ಹಾಳೆ ಹಾಕಿ, ಗಾಳಿ ಬರುವ ಕಡೆಯ ಅಂಚನ್ನು ನೆಲಕ್ಕೆ ಹತ್ತಿರ ಕಟ್ಟಿ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ, ನೈಋತ್ಯದಿಂದ ಬೀಸುತ್ತದೆ. ಇಳಿಜಾರು 30 ಡಿಗ್ರಿಗಿಂತ ಕಡಿಮೆ ಆಗದಿರಲಿ. ಗೂಟ ಹೊಡೆಯುವಾಗ ತಲೆ ಹಾಳೆಯ ಆಚೆಗೆ ವಾಲಿರಲಿ. ಮಳೆಗೆ ನೆನೆದ ತೋಟದ ಮಣ್ಣಿನಲ್ಲಿ ಗಿಡ್ಡ ಗೂಟ ನಿಲ್ಲುವುದಿಲ್ಲ, ಒಂದಡಿ ಉದ್ದದ್ದು ಬೇಕು.

ನಡು ಹಗ್ಗದ ಗುಂಟ ಹರಿದು ನೀರು ಒಳಗೆ ಬರುತ್ತದೆ. ಇದನ್ನು ತುಂಬ ಜನ ಹಾಳೆಯೇ ಸೋರುತ್ತಿದೆ ಅಂದುಕೊಳ್ಳುತ್ತಾರೆ. ಮರ ಮತ್ತು ಹಾಳೆಯ ನಡುವೆ ಹಗ್ಗಕ್ಕೆ ಒಂದು ಗೇಣುದ್ದ ಬಟ್ಟೆ ಚೂರು ಕಟ್ಟಿ ಜೋತುಬಿಡಿ. ನೀರು ಅದರಲ್ಲಿ ಇಳಿದು ಹೊರಗೇ ತೊಟ್ಟಿಕ್ಕುತ್ತದೆ. ಬೆಳಗಿನ ಜಾವ ಹಾಳೆಯ ಕೆಳಬದಿಗೆ ಹನಿ ಕಟ್ಟುವುದೂ ಸೋರಿಕೆ ಅಲ್ಲ. ನಮ್ಮ ಉಸಿರಿನ ತೇವ ತಣ್ಣಗಿನ ಹಾಳೆಗೆ ತಾಗಿ ನೀರಾಗುತ್ತದೆ. ಒಂದು ಬದಿ ಸ್ವಲ್ಪ ಮೇಲೆತ್ತಿ ಗಾಳಿಯಾಡಲು ಬಿಡಿ.

ಹಾಳೆಯ ಕೆಳಗೆ ಬೆಂಕಿ ಹಾಕಲೇಬೇಡಿ. ಈ ಪ್ಲಾಸ್ಟಿಕ್ 110ರಿಂದ 130 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕರಗಿದ ಪ್ಲಾಸ್ಟಿಕ್ ಹನಿ ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮಳೆ ಅಂತ ಹಾಳೆಯನ್ನು ಸುತ್ತಲೂ ಮುಚ್ಚಿ ಒಳಗೆ ಸ್ಟವ್ ಅಥವಾ ಕೆಂಡ ಇಟ್ಟುಕೊಂಡರೆ ವಿಷಾನಿಲ ತುಂಬಿ ಜೀವಕ್ಕೇ ಅಪಾಯ. ಇದನ್ನು ಮಕ್ಕಳಿಗೂ ಹೇಳಿಕೊಡಿ. ಮತ್ತೆ ಇಂಬಳ. ತಾಡಪಾಲಿಗೆ ಗೋಡೆ ಇಲ್ಲ, ಅವು ಬಂದೇ ಬರುತ್ತವೆ. ಮಲಗುವ ಮುನ್ನ ಹಾಸಿಗೆ ಕೊಡವಿ, ಕಾಲುಚೀಲದೊಳಗೆ ಪ್ಯಾಂಟು ಸೇರಿಸಿ. ಹೊಗೆಸೊಪ್ಪು, ಸುಣ್ಣ ಕೈಯಲ್ಲಿರಲಿ.

ಐಲೆಟ್ ಕಿತ್ತರೆ, ಹಾಳೆ ಹರಿದರೆ

ಐಲೆಟ್ ಕಿತ್ತುಬಂದರೆ ಗಾಬರಿ ಬೇಡ. ನಿಂಬೆಹಣ್ಣಿನಷ್ಟು ದೊಡ್ಡ ನುಣುಪು ಕಲ್ಲು ತೆಗೆದುಕೊಳ್ಳಿ. ಹಾಳೆಯ ಕೆಳಗಿಟ್ಟು, ಹಾಳೆಯ ಸಮೇತ ಮುಷ್ಟಿಯಲ್ಲಿ ಹಿಡಿದು, ಅದರ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಕಲ್ಲು ಜಾರುವುದಿಲ್ಲ, ತೂತೂ ಬೇಕಿಲ್ಲ. ನಾನು ನೋಡಿದ ಮಟ್ಟಿಗೆ ಅಗ್ಗದ ಐಲೆಟ್‌ಗಿಂತ ಇದೇ ಗಟ್ಟಿ. ಅವತ್ತು ರಾತ್ರಿ ಇದು ಗೊತ್ತಿದ್ದರೆ ನಾವು ಗೋದಾಮಿಗೆ ಓಡಬೇಕಿರಲಿಲ್ಲ.

ಹರಿದ ಜಾಗಕ್ಕೆ ಸೂಜಿ ದಾರ ಹಾಕಬೇಡಿ. ಒರೆಸಿ, ಒಣಗಿಸಿ, ಟಾರ್ಪಾಲ್ ಟೇಪನ್ನು ಎರಡೂ ಬದಿಗೆ ಹಚ್ಚಿ. ಟೇಪಿನ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಏಳುವುದಿಲ್ಲ.

ಊರಿಗೆ ಬಂದ ದಿನವೇ ನೆರಳಿನಲ್ಲಿ ಒಣಹಾಕಿ. ಒದ್ದೆಯಾಗಿಯೇ ಮಡಚಿಟ್ಟರೆ ಬಟ್ಟೆಯ ಹಾಳೆಗೆ ಬೂಷ್ಟು ಬರುತ್ತದೆ. ಪಿಯು (ಪಾಲಿಯುರೆಥೇನ್) ಲೇಪನದ ಟ್ರೆಕಿಂಗ್ ಹಾಳೆಯ ಒಳಬದಿ ಅಂಟಂಟಾಗಿ ಕೆಟ್ಟ ವಾಸನೆ ಹೊಡೆಯುತ್ತದೆ, ಆಮೇಲೆ ಅದು ಸರಿಹೋಗುವುದಿಲ್ಲ. ಮಡಚುವ ಬದಲು ಬಿದಿರಿನ ಗಳಕ್ಕೋ ಪೈಪಿಗೋ ಸುತ್ತಿಟ್ಟರೆ ಮಡಿಕೆಯ ಬಿರುಕೇ ಇಲ್ಲ. ಜಾಗ ಇಲ್ಲದಿದ್ದರೆ ಪ್ರತಿ ಸಲ ಬೇರೆ ಬೇರೆ ಕಡೆ ಮಡಚಿ. ಭತ್ತ, ಅಡಿಕೆ ಹರವಿದ ತಾಡಪಾಲನ್ನು ಗುಡಿಸಿ ತೊಳೆಯದೆ ಇಟ್ಟರೆ ಇಲಿ ಕಡಿಯುತ್ತದೆ.

ಅಂಚು ಪೂರ್ತಿ ಹೋದ ಮೇಲೂ ಹಾಳೆಯನ್ನು ಎಸೆಯಬೇಡಿ. ಹರಿದ ಅಂಚನ್ನು ಸುತ್ತಲೂ ಕತ್ತರಿಸಿ ತೆಗೆದರೆ ನಡುಭಾಗ ನೆಲಕ್ಕೆ ಹಾಸಲು ಚೆನ್ನಾಗಿರುತ್ತದೆ. ಸಕಲೇಶಪುರದಲ್ಲಿ ಕಿತ್ತುಹೋದ ಆ ನೀಲಿ ಹಾಳೆಯನ್ನು 6x7 ಅಡಿಯ ಎರಡು ತುಂಡು ಮಾಡಿದೆವು. ಒಂದು ಗೆಳೆಯನ ತೋಟದಲ್ಲಿ ಸೌದೆ ಮುಚ್ಚಲು ಹೋಯಿತು. ಇನ್ನೊಂದು ಈಗಲೂ ನನ್ನ ಬ್ಯಾಗಿನಲ್ಲಿದೆ, ಹೊಸ ತಾಡಪಾಲಿನ ಕೆಳಗೆ ಅದನ್ನೇ ಹಾಸಿ ಮಲಗುತ್ತೇನೆ.